ಸಡಿಲಾದ ಕುದುರೆ

ಮಂಗಳೂರಿನಲ್ಲಿ ಹಳೆಯ ಇಲೆಕ್ಟ್ರಿಕ್ ಗಿಟಾರೊಂದನ್ನು 7,500 ರೂಪಾಯಿಗೆ ಕೊಂಡು ತಂದ ದಿನ ನಾವಿಬ್ಬರು ಅಣ್ಣತಮ್ಮಂದಿರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಂದೆಗೆ ಮಾತ್ರ ಸಂಗೀತದ ಗೀಳು ಹಿಡಿಸದು. ಈ ವಿಷಯದಲ್ಲಿ ವಿದ್ವಾಂಸರ ನಡುವೆಯೇ ಭಿನ್ನಾಭಿಪ್ರಾಯವಿದೆಯಲ್ಲ ಎಂದು ನಾವು ವಾದಿಸುತ್ತಿದ್ದೆವು. ಅವರು ಸುಮ್ಮನಾಗುತ್ತಿದ್ದರು, ಒಪ್ಪುತ್ತಿರಲಿಲ್ಲ.

ವಾರ ಕಳೆಯುವುದರೊಳಗೆ ಗಿಟಾರಿನ ಬ್ರಿಡ್ಜ್ ಎದ್ದು ಬಂತು. ವೀಣೆಯಲ್ಲಿ ಇದನ್ನೇ ಕುದುರೆ ಎನ್ನುತ್ತಾರೆ. ತಂತಿಗಳ ಭಾರ ಹೊರುವುದು ಅದರ ಕೆಲಸ. ಇಲೆಕ್ಟ್ರಿಕ್ ಗಿಟಾರಿನಲ್ಲಿ ಪ್ರತಿ ತಂತಿಗೂ ಒಂದೊಂದು ಪುಟ್ಟ ಲೋಹದ ತುಂಡು ಇರುತ್ತದೆ. ಅದರ ಹೆಸರು ಸ್ಯಾಡಲ್, ಅಂದರೆ ಜೀನು! 1954ರಲ್ಲಿ ಅಮೆರಿಕದ ಲಿಯೋ ಫೆಂಡರ್ ಹೊರತಂದ ಸ್ಟ್ರಾಟೊಕ್ಯಾಸ್ಟರ್ ಮಾದರಿಯ ಬ್ರಿಡ್ಜ್ ನಮ್ಮ ಗಿಟಾರಿನದು. ಫೆಂಡರ್ ಗಿಟಾರ್ ವಾದಕರಲ್ಲ, ರೇಡಿಯೊ ದುರಸ್ತಿಯಿಂದ ಈ ಕ್ಷೇತ್ರಕ್ಕೆ ಬಂದವರು. ಈ ಬ್ರಿಡ್ಜನ್ನು ಮುಂದಿನ ಅಂಚಿನಲ್ಲಿ ಆರು ಸ್ಕ್ರೂಗಳು ಹಿಡಿದಿರುತ್ತವೆ. ಒಂದು ಕಡೆಯಿಂದ ತಂತಿಗಳು ಸುಮಾರು 40 ಕಿಲೋ ಭಾರದಷ್ಟು ಎಳೆದರೆ, ಹಿಂಬದಿಯ ಸ್ಪ್ರಿಂಗುಗಳು ಅದನ್ನು ಸರಿದೂಗಿಸುವಂತೆ ಎದುರು ಎಳೆಯುತ್ತವೆ.

ಬಿಚ್ಚಿ ನೋಡಿದರೆ ನಾಲ್ಕು ಸ್ಕ್ರೂಗಳ ತೂತುಗಳು ಸವೆದು ಅಗಲವಾಗಿದ್ದವು. ಅದರೊಳಗೆ ಕಾಗದ ತುರುಕಿ, ಮೇಲೆ ಎಂ-ಸೀಲ್ ಮೆತ್ತಿ, ಬಣ್ಣ ಹಚ್ಚಿದ್ದರು. ಮಾರಿದವನ ಮೇಲೆ ನಮಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪ್ರವಾದಿಯವರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ, ಅಡಿಯಲ್ಲಿ ಒದ್ದೆಯಿರುವುದನ್ನು ಕಂಡು, ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ವ್ಯಾಪಾರಿಯನ್ನು ಕೇಳಿದ ಪ್ರಸಂಗವನ್ನು ಆ ಸಂಜೆ ನಾವು ಎಷ್ಟು ಸಲ ಹೇಳಿಕೊಂಡೆವೋ!

ನೆರೆಯ ಆಚಾರಿಯವರಿಗೆ ತೋರಿಸಿದೆವು. ಬೆರಳಿನಿಂದ ಸವರಿ ನೋಡಿದವರು, "ಮರ ಕೆಟ್ಟಿಲ್ಲ ಮಾರಾಯ್ರೆ, ತೂತು ಮಾತ್ರ ಹಾಳಾಗಿದೆ" ಎಂದರು. ಹಳೆಯ ಮೆತ್ತಿಗೆಯನ್ನೆಲ್ಲ ಕೊರೆದು ತೆಗೆದು, ಗಟ್ಟಿಮರದ ಸಣ್ಣ ಗೂಟಗಳನ್ನು ಫೆವಿಕಾಲ್ ಹಚ್ಚಿ ಬಡಿದರು. ಒಂದಿಡೀ ದಿನ ಒಣಗಿಸಿ, ಸ್ಕ್ರೂಗಿಂತ ಸಣ್ಣ ತೂತು ಕೊರೆದುಕೊಟ್ಟರು.

ಉಳಿದದ್ದು ನಮ್ಮ ಪಾಲಿನ ಕೆಲಸ. ಕಡಲ ಗಾಳಿಗೂ ಕೈಬೆವರಿಗೂ ತುಕ್ಕು ಹಿಡಿದಿದ್ದ ಸ್ಯಾಡಲ್‌ಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆವು. ಹೊಸ ಬ್ರಿಡ್ಜ್ ಕೊಳ್ಳುವವರಿಗೆ ಒಂದು ಕಿವಿಮಾತು: ಮೊದಲು ಅಳತೆ ನೋಡಿ. ಅಮೆರಿಕದ ಹಳೆಯ ಮಾದರಿಯಲ್ಲಿ ಮೊದಲ ಮತ್ತು ಕೊನೆಯ ಸ್ಕ್ರೂಗಳ ನಡುವೆ ಸುಮಾರು 56 ಮಿ.ಮೀ. ಅಂತರವಿದ್ದರೆ, ಏಷ್ಯಾದಲ್ಲಿ ತಯಾರಾದ ಅನೇಕ ಗಿಟಾರುಗಳಲ್ಲಿ ಅದು 52.5 ಮಿ.ಮೀ.

ಕೊನೆಗೆ ಶ್ರುತಿ. ತಂತಿಯನ್ನು ಬರಿದಾಗಿ ಮೀಟಿದಾಗ ಬರುವ ಸ್ವರವೂ ನಟ್ಟನಡುವಿನ 12ನೇ ಮೆಟ್ಟಿಲಿನಲ್ಲಿ ಒತ್ತಿ ಮೀಟಿದಾಗ ಬರುವ ಸ್ವರವೂ ಒಂದೇ ಆಗಿರಬೇಕು, ಎರಡನೆಯದು ಒಂದು ಸ್ಥಾಯಿ ಮೇಲೆ, ಅಷ್ಟೇ. ಒತ್ತಿದ ಸ್ವರ ಏರಿದರೆ ಸ್ಯಾಡಲನ್ನು ಹಿಂದಕ್ಕೆ, ಇಳಿದರೆ ಮುಂದಕ್ಕೆ ಸರಿಸಬೇಕು. ಆರು ತಂತಿಗಳಿಗೆ ನಮಗೆ ಎರಡು ರಾತ್ರಿ ಹಿಡಿಯಿತು.

ವರ್ಷದ ಬಳಿಕ ನಮ್ಮಲ್ಲಿ ಕಿರಿಯವನ ಕಾಲೇಜು ಶುಲ್ಕಕ್ಕಾಗಿ ಗಿಟಾರನ್ನು ಮಾರಬೇಕಾಯಿತು. 9,000 ಕೇಳೋಣವೆಂದುಕೊಂಡೆವು. ಗಿರಾಕಿ ಬರುವ ಹಿಂದಿನ ರಾತ್ರಿ ಊಟದ ಹೊತ್ತಿಗೆ ತಂದೆ ಕೇಳಿದರು: "ತೂತಿನ ವಿಷಯ ಹೇಳ್ತೀರಲ್ಲ?"

"ಈಗ ಸರಿಯಾಗಿದೆಯಲ್ಲ ಅಬ್ಬಾ" ಎಂದೆವು.

"ನಿಮಗೆ ಮಾರಿದವನೂ ಹಾಗೇ ಅಂದುಕೊಂಡಿರಬಹುದು."

ನಮ್ಮ ಬಳಿ ಉತ್ತರವಿರಲಿಲ್ಲ. ಒದ್ದೆ ಧಾನ್ಯ ಈಗ ನಮ್ಮ ರಾಶಿಯಲ್ಲಿತ್ತು. ನಮ್ಮ ದುರಸ್ತಿ ಪ್ರಾಮಾಣಿಕವಾದದ್ದು ನಿಜ. ಆದರೆ ಅದು ಪ್ರಾಮಾಣಿಕವೆಂದು ಕೊಳ್ಳುವವನಿಗೆ ತಿಳಿಯುವುದು ನಾವು ಬಾಯಿಬಿಟ್ಟರೆ ಮಾತ್ರ.

ಮರುದಿನ ಬಂದ ಯುವಕ ನುಡಿಸಿ ಮೆಚ್ಚಿದ. ಗೂಟಗಳ ವಿಷಯ ಹೇಳಿದೊಡನೆ ಮುಖ ಸಣ್ಣದು ಮಾಡಿಕೊಂಡು ಹೊರಟುಹೋದ. ಮೂರು ವಾರಗಳ ಬಳಿಕ ಬಂದ ಇನ್ನೊಬ್ಬ ವಿದ್ಯಾರ್ಥಿಗೆ ಸ್ಕ್ರೂ ಬಿಚ್ಚಿ ತೋರಿಸಿದೆವು. ಅವನು 6,000 ಕೊಟ್ಟು ಕೊಂಡುಹೋದ. ಶುಲ್ಕಕ್ಕೆ ಕೊರತೆ ಬಿದ್ದ ಹಣವನ್ನು ಉಮ್ಮ ತನ್ನ ಉಳಿತಾಯದಿಂದ ತುಂಬಿದರು.

ತಂದೆಗೆ ಗಿಟಾರು ಇಂದಿಗೂ ಹಿಡಿಸದು. ಅಂದು ಬೆಲೆ ಕೇಳಿ ತಿಳಿದುಕೊಂಡವರು, "ಅದರಲ್ಲಿ ಬರಕತ್ ಇರಲಿ" ಎಂದಷ್ಟೇ ಹೇಳಿ ನಮಾಝಿಗೆ ಹೊರಟರು.