ತೆಗೆಸಿದ ಮೇಲೆ ಇನ್ನೇನು ಇಳಿಯೋದು?

ಬರೆಯಲೋ ಬೇಡವೋ ಅಂತ ಮೂರು ತಿಂಗಳು ಹೊಯ್ದಾಡಿದೆ. ಕೊನೆಗೆ ದೊಡ್ಡಮ್ಮನನ್ನೇ ಕೇಳಿದೆ. "ಹೆಸ್ರು ಹಾಕ್ಬೇಡ, ಊರು ಹಾಕ್ಬೇಡ, ಮಿಕ್ಕಿದ್ದು ಏನಾರ ಬರ್ಕೋ" ಅಂದಳು. ಹಾಗಾಗಿ ಊರು ಗುಬ್ಬಿ ಕಡೆ ಅಂತ ಮಾತ್ರ ತಿಳಿದುಕೊಳ್ಳಿ. ತೆಂಗಿನ ತೋಟ, ಒಂದಿಷ್ಟು ಅಡಿಕೆ, ಎರಡು ಸೀಮೆ ಹಸು. ಅಷ್ಟು ಹೇಳಿದರೆ ಗುಬ್ಬಿ ತಾಲ್ಲೂಕಿನ ಅರ್ಧ ಮನೆಗಳಿಗೆ ಹೊಂದುತ್ತದೆ.

ಗುಬ್ಬಿಯಿಂದ ತುಮಕೂರಿಗೆ ಇಪ್ಪತ್ತು ಕಿಲೋಮೀಟರ್ ಆಸುಪಾಸು. ದೊಡ್ಡಮ್ಮ ಆ ದಾರಿಯುದ್ದಕ್ಕೂ ಬಸ್ಸಿನಲ್ಲಿ ನಿಂತೇ ಬರುತ್ತಾಳೆ ಅನ್ನುವುದು ನನಗೆ ಬಹಳ ದಿನ ಗೊತ್ತೇ ಇರಲಿಲ್ಲ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಫ್ರೀ ಆದ ಮೇಲೆ ಸೀಟು ಸಿಗುವುದಿಲ್ಲ, ಅದಕ್ಕೇ ಇರಬೇಕು ಅಂದುಕೊಂಡಿದ್ದೆ. ಒಂದು ದಿನ ನಾನೂ ಜೊತೆಗೆ ಬಂದೆ. ಮಧ್ಯಾಹ್ನದ ಬಸ್ಸು, ಅರ್ಧಕ್ಕರ್ಧ ಖಾಲಿ. ಆದರೂ ಕಂಬಿ ಹಿಡಿದು ನಿಂತೇ ಇದ್ದಳು. ಬಾ ಕೂತ್ಕೋ ಅಂದರೆ, "ಕುಂತ್ರೆ ನಡ ಹಿಡ್ಕಂತದೆ ಕಣೆ" ಅಂತ ಕಿಟಕಿಯಾಚೆ ನೋಡಿದಳು.

ರಾತ್ರಿ ತುಮಕೂರಿನ ನಮ್ಮ ಮನೆಯಲ್ಲಿ, ದೀಪ ಆರಿಸಿದ ಮೇಲೆ (ಇಂಥವೆಲ್ಲ ಕತ್ತಲಲ್ಲೇ ಹೇಳುವುದು ತಾನೇ?) ಬಾಯಿ ಬಿಟ್ಟಳು. "ಮತ್ತೆ ಕೆಳಕ್ಕೆ ಬತ್ತೈತೆ ಕಣೆ."

ಮತ್ತೆ ಅಂದರೆ? ಇಪ್ಪತ್ತಾರು ವರ್ಷದ ಹಿಂದೆ ಇದೇ ತೊಂದರೆಗೆ ಅವಳ ಗರ್ಭಕೋಶ ತೆಗೆಸಿದ್ದರು. ಯಾವುದೋ ಊರಿನ ಯಾವುದೋ ನರ್ಸಿಂಗ್ ಹೋಮು. "ಮಕ್ಕಳಾಯ್ತಲ್ಲ, ಇನ್ಯಾಕೆ ಅದು" ಅಂದರಂತೆ, ಇವರೂ ಹೂಂ ಅಂದರಂತೆ. ಈಗ ನಾಲ್ಕು ವರ್ಷದಿಂದ ಪುನಃ ಅದೇ. ಕೆಮ್ಮಿದರೆ, ಹಸುವಿಗೆ ಹುಲ್ಲಿನ ಹೊರೆ ಎತ್ತಿದರೆ, ಕುಕ್ಕರಗಾಲಲ್ಲಿ ಕೂತು ಅಡಿಕೆ ಸುಲಿದರೆ ನಿಂಬೆಹಣ್ಣಿನ ಗಾತ್ರದ್ದೇನೋ ಕೆಳಗೆ ಬರುತ್ತದೆ. ಒಂದು ಸಲ ಧೈರ್ಯ ಮಾಡಿ ಅತ್ತಿಗೆಯ ಮೂಲಕ ಅಣ್ಣನ ಕಿವಿಗೆ ಹಾಕಿಸಿದ್ದಾಳೆ. ಅಣ್ಣ ಕೆಟ್ಟವನಲ್ಲ, ಅಮ್ಮನೆಂದರೆ ಪ್ರಾಣ. ಅವನು ಹೇಳಿದ್ದಿಷ್ಟೇ: "ಅದನ್ನ ತೆಗೆಸಿದ್ದಾಯ್ತಲ್ಲ, ತೆಗೆಸಿದ ಮೇಲೆ ಇನ್ನೇನು ಇಳಿಯೋದು?"

ಆ ಒಂದು ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ನಾಲ್ಕು ವರ್ಷ ಬಟ್ಟೆ ಕಟ್ಟಿಕೊಂಡು ಓಡಾಡಿದ್ದಾಳೆ ನಮ್ಮ ದೊಡ್ಡಮ್ಮ. ನನಗೂ ಉತ್ತರ ಗೊತ್ತಿರಲಿಲ್ಲ ಅನ್ನುವುದನ್ನು ಒಪ್ಪಿಕೊಳ್ಳಬೇಕು. ಬಿ.ಎಸ್ಸಿ. ಓದಿದ್ದೇನೆ ಅಂತ ಹೆಸರಿಗೆ.

ಉತ್ತರ ಸಿಕ್ಕಿದ್ದು ತುಮಕೂರಿನ ಒಬ್ಬ ಲೇಡಿ ಡಾಕ್ಟರ ಹತ್ತಿರ. ಪರೀಕ್ಷೆ ಮುಗಿಸಿ ಕೈ ತೊಳೆದುಕೊಂಡು ಬಂದು ದೊಡ್ಡಮ್ಮನನ್ನು ಕೇಳಿದರು, "ನಿಮ್ಮನೇಲಿ ನೆಲುವು ಇತ್ತಾ ಅಜ್ಜಿ?"

ಇತ್ತಲ್ಲ! ಅಡುಗೆಮನೆ ತೊಲೆಗೆ ಹಗ್ಗದ ನೆಲುವು, ಅದರಲ್ಲಿ ಮೊಸರಿನ ಗಡಿಗೆ. ಬೆಕ್ಕು ಹಾರಿ ಹಾರಿ ಸೋಲುತ್ತಿದ್ದದ್ದು ನನಗೂ ನೆನಪಿದೆ. ಡಾಕ್ಟರು ಹೇಳಿದ್ದು ಇದು: ಗರ್ಭಕೋಶ ಗಡಿಗೆ ಇದ್ದ ಹಾಗೆ. ಐದು ಹೆರಿಗೆ, ಹೊರೆ, ಕೊಡ, ವಯಸ್ಸು, ಮುಟ್ಟು ನಿಂತ ಮೇಲಿನ ಸೊರಗು, ಎಲ್ಲ ಸೇರಿ ನೆಲುವಿನ ಹಗ್ಗ ಸಡಿಲವಾಗುತ್ತದೆ. ಗಡಿಗೆ ಕೆಳಗೆ ಜಗ್ಗುತ್ತದೆ. ಆಗ ಗಡಿಗೆಯನ್ನು ತೆಗೆದುಬಿಟ್ಟರೆ ಹಗ್ಗ ಬಿಗಿಯಾಯಿತೇ? ಗರ್ಭಕೋಶ ತೆಗೆದ ಜಾಗದಲ್ಲಿ ಯೋನಿಯ ಮೇಲ್ತುದಿಯನ್ನು ಹೊಲಿದು ಮುಚ್ಚಿರುತ್ತಾರೆ. ಅದನ್ನು ಯಾವುದಕ್ಕಾದರೂ ಸರಿಯಾಗಿ ತಗುಲಿ ಹಾಕದೇ ಹೋದರೆ ವರ್ಷಗಳ ಮೇಲೆ ಆ ತುದಿಯೇ ಕಾಲುಚೀಲ ಒಳಹೊರಗಾದ ಹಾಗೆ ಮಗುಚಿಕೊಂಡು ಕೆಳಗೆ ಬರುತ್ತದೆ. ಜಾರಿದ್ದಕ್ಕೇ ಗರ್ಭಕೋಶ ತೆಗೆಸಿಕೊಂಡವರಲ್ಲಿ ಹೀಗಾಗುವುದು ಇನ್ನೂ ಹೆಚ್ಚು.

ಅಣ್ಣ ಪಕ್ಕದಲ್ಲೇ ಕೂತಿದ್ದ. ಮುಖ ಕೆಳಗೆ ಹಾಕಿ ಕಾರಿನ ಕೀ ತಿರುಗಿಸುತ್ತಿದ್ದ.

ಸರಿ, ಈಗ ತಗುಲಿ ಹಾಕುವುದು ಎಲ್ಲಿಗೆ? ತೊಲೆ ಬೇಕಲ್ಲ. ನಾವು ಕೂರುವಾಗ ಊರುವ ಮೂಳೆಯ ಮೇಲ್ಭಾಗದಲ್ಲಿ, ಒಳಗಡೆಗೆ ಚಾಚಿದ ಒಂದು ಮೊನೆ ಇರುತ್ತದೆ. ಅಲ್ಲಿಂದ ಬೆನ್ನಿನ ಬುಡದ ತ್ರಿಕಾಸ್ಥಿಗೆ ಒಂದು ಗಟ್ಟಿ ನಾರಿನ ಪಟ್ಟಿ ಹೋಗುತ್ತದೆ, ಸ್ಯಾಕ್ರೋಸ್ಪೈನಸ್ ಲಿಗಮೆಂಟ್ ಅಂತ ಹೆಸರು. ಅದೇ ತೊಲೆ. ಸಡಿಲವಾದ ತುದಿಯನ್ನು ದಾರದಿಂದ ಅದಕ್ಕೆ ಕಟ್ಟಿದರೆ ನಿಲ್ಲುತ್ತದೆ. ಉಪಾಯ ಹೊಸದಲ್ಲ. 1960ರ ದಶಕದ ಕೊನೆಯಲ್ಲಿ ಜರ್ಮನಿಯ ರಿಕ್ಟರ್, 1971ರಲ್ಲಿ ಅಮೆರಿಕದ ರ‍್ಯಾಂಡಲ್ ಮತ್ತು ನಿಕೋಲ್ಸ್ ಇದನ್ನು ಬಳಕೆಗೆ ತಂದವರು. ಕಷ್ಟ ಏನೆಂದರೆ ಆ ಪಟ್ಟಿ ಇರುವುದು ತೀರಾ ಆಳದಲ್ಲಿ. ಅದರ ಹಿಂದೆ, ಮೂಳೆಯ ಮೊನೆಯ ಹತ್ತಿರವೇ, ದೊಡ್ಡ ರಕ್ತನಾಳ, ಮುಖ್ಯವಾದ ನರ. ಹಳೆಯ ಕ್ರಮದಲ್ಲಿ ಜಾಗವನ್ನು ಅಗಲವಾಗಿ ಬಿಡಿಸಿ, ಎರಡು ಮೂರು ಕಡೆ ಲೋಹದ ಪಟ್ಟಿ ಹಿಡಿದು ಹಿಗ್ಗಿಸಿ, ಉದ್ದ ಹಿಡಿಯ ಬಾಗಿದ ಸೂಜಿಯಿಂದ ದಾರ ಪೋಣಿಸಬೇಕು. ಬಾವಿಯೊಳಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಹಾಕಿದ ಹಾಗೆ.

ಅದಕ್ಕಾಗಿಯೇ ಈಗ ಒಂದು ಕೈ ಉಪಕರಣ ಬಂದಿದೆ. ಕಂಪನಿಯವರು ಬಿಟ್ಟುಹೋದ ಮಾದರಿಯೊಂದು ಡಾಕ್ಟರ ಮೇಜಿನ ಡ್ರಾಯರಲ್ಲಿತ್ತು, ತೋರಿಸಿದರು. ನಾನೇನೋ ಭಾರೀ ಯಂತ್ರ ಇರಬಹುದು ಅಂದುಕೊಂಡಿದ್ದೆ. ನೋಡಿದರೆ ಹಗುರವಾದ ಪ್ಲಾಸ್ಟಿಕ್ ಹಿಡಿ, ಅದರಿಂದ ಹೊರಟ ಸಣ್ಣ ಉದ್ದ ಕೊಳವೆ, ತುದಿಯಲ್ಲಿ ಒಂದು ಪುಟ್ಟ ಕೊಕ್ಕೆ. ಆ ಕೊಕ್ಕೆಗೇ ಆಂಕರ್ ಅನ್ನುವುದು, ಲಂಗರು. ಅದರ ಬಾಲಕ್ಕೆ ದಾರ ಮೊದಲೇ ಕಟ್ಟಿರುತ್ತದೆ. ಡಾಕ್ಟರು ಅದನ್ನು ಕುರ್ಚಿಯ ಸ್ಪಂಜಿಗೆ ಒತ್ತಿ, ಹೆಬ್ಬೆರಳಿನಿಂದ ಗುಂಡಿ ತಳ್ಳಿ, ಹಿಡಿಯನ್ನು ಹಿಂದಕ್ಕೆ ಎಳೆದುಕೊಂಡರು. ದಾರ ಮಾತ್ರ ಸ್ಪಂಜಿನಿಂದ ಹೊರಗೆ ನೇತಾಡುತ್ತಿತ್ತು. "ಎಳೀರಿ" ಅಂದರು. ಎಳೆದೆ. ಸ್ಪಂಜು ಎದ್ದು ಬಂತೇ ಹೊರತು ಕೊಕ್ಕೆ ಬರಲಿಲ್ಲ. ದೊಡ್ಡಮ್ಮ ಕುತೂಹಲ ತಡೆಯಲಾರದೆ ಬಗ್ಗಿ ನೋಡಿ, "ಉತ್ತರಾಣಿ ಮುಳ್ಳು ಇದ್ದಂಗೈತೆ" ಅಂದಳು. ಎಷ್ಟು ಸರಿ! ಬದುವಿನ ಮೇಲೆ ನಡೆದು ಬಂದರೆ ಸೀರೆ ಅಂಚಿಗೆ ಕಚ್ಚಿಕೊಳ್ಳುತ್ತದಲ್ಲ, ಅದೇ. ಹೋಗುವುದಕ್ಕೆ ದಾರಿಯಿದೆ, ಬರುವುದಕ್ಕಿಲ್ಲ.

ಇದನ್ನು ಹಾಕುವುದು ಕಣ್ಣಿನಿಂದ ನೋಡಿ ಅಲ್ಲ, ಬೆರಳಿನಿಂದ ಮುಟ್ಟಿ. ಒಂದು ಬೆರಳು ಒಳಗೆ ಹೋಗಿ ಮೂಳೆಯ ಮೊನೆಯನ್ನು ಹುಡುಕುತ್ತದೆ. ಅಲ್ಲಿಂದ ಎರಡು ಬೆರಳಗಲ ಬೆನ್ನಿನ ಕಡೆಗೆ ಸರಿದು, ಅದೇ ಬೆರಳಿನ ಆಸರೆಯಲ್ಲಿ ಕೊಳವೆಯನ್ನು ಜಾರಿಸಿ ಪಟ್ಟಿಗೆ ಒತ್ತುವುದು. ಆ ಎರಡು ಬೆರಳಗಲದ ಲೆಕ್ಕ ನರದಿಂದ ದೂರ ಇರುವುದಕ್ಕೆ. ಉಪಕರಣ ಎಷ್ಟೇ ಜಾಣವಾದರೂ ಈ ಅಂದಾಜು ಮಾತ್ರ ಬೆರಳಿನದೇ.

"ಅದು ತುಕ್ಕು ಹಿಡಿಯಲ್ವಾ?" ದೊಡ್ಡಮ್ಮನ ಪ್ರಶ್ನೆ. ಹಿಡಿಯಲ್ಲ, ಇದು ಪಾಲಿಪ್ರೊಪಿಲೀನ್ ಅಂದರು. ಪ್ಲಾಸ್ಟಿಕ್ಕೇ. ಪ್ಲಾಸ್ಟಿಕ್ ಅಂದ ತಕ್ಷಣ ಅಣ್ಣ ಮೊಬೈಲಿನಲ್ಲಿ ಓದಿದ್ದನ್ನು ತೆಗೆದ. ವಿದೇಶದಲ್ಲಿ ಅದೇನೋ ನಿಲ್ಲಿಸಿದ್ದಾರಂತಲ್ಲ? ಅವನ ಭಯ ಸುಳ್ಳಲ್ಲ. ಇದೇ ತೊಂದರೆಗೆ ಯೋನಿಯ ಮೂಲಕ ಹಾಕುತ್ತಿದ್ದ ಬಲೆಯಂಥ ಮೆಶ್‌ನ ಮಾರಾಟವನ್ನು 2019ರ ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಡಿಎ ನಿಲ್ಲಿಸಿತು. ಹಲವರಿಗೆ ಮೆಶ್ ಒಳಗೇ ಸವೆಸಿಕೊಂಡು ಹೊರಬಂದು ನೋವು ಕೊಟ್ಟಿತ್ತು. ಇಲ್ಲಿ ಹಾಕುವುದು ಬಲೆಯಲ್ಲ, ಕೊಕ್ಕೆ ಮತ್ತು ದಾರ ಅಷ್ಟೇ ಅಂತ ವಿವರಿಸಿದರು. ಹಾಗಂತ ಇದು ಪವಾಡ ಅಂತಲೂ ಹೇಳಲಿಲ್ಲ. ಕೆಲವರಿಗೆ ಕೆಲವು ವಾರ ಆ ಕಡೆಯ ಕುಂಡಿ ನೋಯುತ್ತದೆ, ಮುಂದಿನ ಗೋಡೆ ಮತ್ತೆ ಸಡಿಲವಾಗಬಹುದು, ಉಪಕರಣ ಒಮ್ಮೆ ಬಳಸಿ ಎಸೆಯುವಂಥದ್ದು, ಅದರ ಬಿಲ್ಲು ಬೇರೆ. ಹಳೆಯ ಬಾಗಿದ ಸೂಜಿಯಲ್ಲೇ ಚೆನ್ನಾಗಿ ಮಾಡುವವರೂ ಇದ್ದಾರೆ ಅಂತ ತಾವಾಗಿಯೇ ಹೇಳಿದರು ನೋಡಿ, ಆಗ ನನಗೆ ಅವರ ಮೇಲೆ ನಂಬಿಕೆ ಬಂತು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದರು. ದೊಡ್ಡಮ್ಮ ಎಚ್ಚರವಾಗಿಯೇ ಇದ್ದಳಂತೆ, ನರ್ಸಮ್ಮನ ಹತ್ತಿರ ಅವರ ಊರು ಕೇರಿ ಎಲ್ಲ ವಿಚಾರಿಸಿಕೊಂಡು ಬಂದಿದ್ದಳು. ಬಲಗಡೆ ಕುಂಡಿ ಮೂರು ವಾರ ನೋಯಿತು. ಆರು ವಾರ ಕೊಡ ಎತ್ತಕೂಡದು ಅಂದರೆ, ಹಸು ಏನು ಮಾಡ್ಲಿ ಅಂತ ಜಗಳ. ಅಣ್ಣನೇ ಹಾಲು ಕರೆದ. ಹಸು ಎರಡು ಸಲ ಒದೆಯಿತು, ಅದು ಬೇರೆ ಕಥೆ.

ನಾನು ಇದನ್ನು ಬರೆಯುವುದಕ್ಕೆ ನಿಜವಾದ ಕಾರಣ ದೊಡ್ಡಮ್ಮನ ಮಗಳು. ಕುಣಿಗಲ್‌ನಲ್ಲಿದ್ದಾಳೆ, ವಯಸ್ಸು ಮೂವತ್ತೆಂಟು. ಅಮ್ಮನನ್ನು ನೋಡಲು ಬಂದವಳು ನನ್ನನ್ನು ಹಿತ್ತಿಲಿಗೆ ಕರೆದು, "ನಂಗೂ ಒಂದು ವರ್ಷದಿಂದ ಭಾರ ಭಾರ ಅನ್ಸುತ್ತೆ ಕಣೆ, ಒಬ್ರು ತೆಗೆಸಿಬಿಡಿ ಅಂದಿದಾರೆ, ಮುಂದಿನ ತಿಂಗಳು ಡೇಟ್ ಕೊಟ್ಟಿದಾರೆ" ಅಂದಳು. ನೆಲುವಿನ ಕಥೆ ನನ್ನ ತಲೆಯಲ್ಲಿ ಹಸಿಯಾಗಿಯೇ ಇತ್ತಲ್ಲ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ವಾಪಸ್ ಅದೇ ಡಾಕ್ಟರ ಹತ್ತಿರ ಹೋದೆವು. ಇವಳದ್ದು ಇನ್ನೂ ಶುರು, ತೆಗೆಯುವ ಮಾತೇ ಬೇಡ ಅಂದರು. ಒಳಗೆ ಇಟ್ಟುಕೊಳ್ಳುವ ಸಿಲಿಕೋನ್ ಉಂಗುರ ಕೊಟ್ಟು, ದಿನಾ ಬಿಗಿಹಿಡಿದು ಬಿಡುವ ವ್ಯಾಯಾಮ ಹೇಳಿಕೊಟ್ಟರು. 1948ರಲ್ಲಿ ಕೆಗಲ್ ಅನ್ನುವ ಅಮೆರಿಕದ ಡಾಕ್ಟರು ಹೇಳಿದ್ದು, ಕಾಸು ಖರ್ಚಿಲ್ಲ.

ಅಂದ ಹಾಗೆ, ಗರ್ಭಕೋಶ ತೆಗೆಯದೆಯೇ ಬೆನ್ನುಮೂಳೆಯ ಕಡೆಗೆ ಪಟ್ಟಿ ಕಟ್ಟಿ ಎತ್ತಿ ನಿಲ್ಲಿಸುವ ದಾರಿ ತೋರಿಸಿದವರಲ್ಲಿ ನಮ್ಮವರೇ ಒಬ್ಬರಿದ್ದರು, ಡಾ. ಶಿರೋಡ್ಕರ್. 1899ರಲ್ಲಿ ಗೋವಾದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಶಾಲೆ ಕಲಿತು ಮುಂಬೈಯಲ್ಲಿ ಹೆಸರಾದವರು. ಅಷ್ಟು ಹಿಂದೆಯೇ ಅವರು ನೆಲುವನ್ನು ಬಿಗಿ ಮಾಡುವ ಯೋಚನೆ ಮಾಡಿದ್ದರು. ಇಲ್ಲಿ ನಮ್ಮ ಕಡೆ ಇವತ್ತಿಗೂ ಗಡಿಗೆ ಎಸೆಯುವ ಅವಸರ.

1997ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದ ಪ್ರಕಾರ, ಎಂಬತ್ತು ವಯಸ್ಸಿನೊಳಗೆ ನೂರಕ್ಕೆ ಹನ್ನೊಂದು ಹೆಂಗಸರಿಗೆ ಹೀಗೆ ಜಾರುವುದಕ್ಕೋ ಮೂತ್ರ ಸೋರುವುದಕ್ಕೋ ಆಪರೇಷನ್ ಆಗುತ್ತದೆ. ಆ ಲೆಕ್ಕದಲ್ಲಿ ಸಿಗುವುದು ಆಸ್ಪತ್ರೆಗೆ ಹೋದವರು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರಲ್ಲ.

ಹೋದ ಭಾನುವಾರ ದೊಡ್ಡಮ್ಮ ಮಗಳ ಮನೆಗೆ ಹೋಗಿದ್ದಳು. ತುಮಕೂರಲ್ಲಿ ಬಸ್ ಬದಲಿಸಿ ಕುಣಿಗಲ್ ತಲುಪಿದ ಮೇಲೆ ಫೋನ್ ಮಾಡಿದಳು. ಕಿಟಕಿ ಪಕ್ಕದ ಸೀಟಿಗೆ ಒಬ್ಬಳು ಟವೆಲ್ ಹಾಕಿ ಇಟ್ಟುಕೊಂಡಿದ್ದಳಂತೆ. "ಟಿಕೆಟ್ ಇಬ್ರಿಗೂ ಫ್ರೀನೇ ತಾನೆ, ಸರ್ಕಾ ಅಂದೆ. ಸರ್ಕಂಡ್ಲು" ಅಂದಳು.