ಹಾಸನಾಂಬೆಗೆ ಹೊರಟು ದೊಡ್ಡಗದ್ದವಳ್ಳಿ ಸೇರಿದ್ವಿ

"ಏನ್ ಮಗ, ಈ ಸಲನಾದ್ರೂ ರಜೆ ಕೊಡ್ತಾರಾ?"

ದಸರಾ ಮುಗಿಯುತ್ತಿದ್ದ ಹಾಗೆ ಅಜ್ಜಿಯಿಂದ ಬರುವ ಫೋನಿನಲ್ಲಿ ಮೊದಲ ಪ್ರಶ್ನೆ ಇದೇ. ಹಾಸನಾಂಬೆ ಬಾಗಿಲು ತೆಗೆಯೋ ಹೊತ್ತಿಗೆ ಊರಿಗೆ ಬಾ ಅಂತ ಅರ್ಥ. 2023ರಲ್ಲಿ ಪ್ರಾಜೆಕ್ಟ್ ರಿಲೀಸ್ ಇತ್ತು, ಹೋಗಲಿಲ್ಲ. 2024ರಲ್ಲಿ ರಜೆ ಹಾಕಿದ್ದೆ, ಆದರೆ ತಪ್ಪು ವಾರಕ್ಕೆ!

ತಪ್ಪು ಹೇಗಾಯ್ತು ಅಂದ್ರೆ, ಹಾಸನಾಂಬೆಯ ಬಾಗಿಲು ತೆಗೆಯೋದು ಆಶ್ವಯುಜ ಹುಣ್ಣಿಮೆ ಆದಮೇಲೆ ಬರುವ ಮೊದಲ ಗುರುವಾರ. ಮುಚ್ಚೋದು ಬಲಿಪಾಡ್ಯಮಿ ಕಳೆದ ಮೇಲೆ. 2023ರಲ್ಲಿ ಅದು ನವೆಂಬರ್ 2ಕ್ಕೆ ಬಂದಿತ್ತು. ಮುಂದಿನ ವರ್ಷವೂ ಹಾಗೇ ಇರುತ್ತೆ ಅಂದುಕೊಂಡೆ. 2024ರಲ್ಲಿ ಅಕ್ಟೋಬರ್ 24ಕ್ಕೇ ತೆಗೆದು, ನಾನು ಊರು ಮುಟ್ಟುವಷ್ಟರಲ್ಲಿ ಬಾಗಿಲು ಹಾಕಿಯಾಗಿತ್ತು. 2025ರಲ್ಲಿ ಇನ್ನೂ ಹಿಂದೆ ಬಂತು, ಅಕ್ಟೋಬರ್ 9. ಚಾಂದ್ರಮಾನದ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದು. ಅಧಿಕಮಾಸ ಬಂದಾಗ ಆ ಸಾಲ ತೀರುತ್ತೆ. ಈ ಲೆಕ್ಕ ಅಜ್ಜಿಗೆ ಬಾಯಲ್ಲೇ ಇದೆ. ಎಂಜಿನಿಯರಿಂಗ್ ಓದಿದ ನನಗೆ ಇರಲಿಲ್ಲ.

ಒಮ್ಮೆ ಕೆಲಸದ ಮೇಲೆ ಜಪಾನಿಗೆ ಹೋಗಿದ್ದಾಗ ತಕಯಾಮಾ ಅನ್ನೋ ಊರು ನೋಡಿದ್ದೆ. ಹಿಂದೆ ಕೋಟೆಯ ಊರು, ಈಗ ಕೋಟೆ ಇಲ್ಲ, ಹಬ್ಬ ಇದೆ. ವಸಂತದ ಹಬ್ಬ ಏಪ್ರಿಲ್ 14–15, ಶರತ್ಕಾಲದ್ದು ಅಕ್ಟೋಬರ್ 9–10. ನಮ್ಮ ತೇರಿನ ಹಾಗೇ ಕೆತ್ತನೆಯ ರಥಗಳು ಬೀದಿಗೆ ಬರುತ್ತವೆ. ದಿನಾಂಕ ಮಾತ್ರ ಬದಲಾಗಲ್ಲ. ಜಪಾನ್ 1873ರಲ್ಲೇ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾಗಿತ್ತು. 'ಎಷ್ಟು ಅನುಕೂಲ, ರಜೆ ವರ್ಷದ ಮೊದಲೇ ಹಾಕಬಹುದು' ಅಂತ ಆಗ ಹೊಟ್ಟೆ ಉರಿದಿದ್ದು ನಿಜ.

ಅಂತೂ 2025ರಲ್ಲಿ ದಿನಾಂಕ ಸರಿಯಾಗಿ ನೋಡಿ, ದೀಪಾವಳಿಗೆ ನಾಲ್ಕು ದಿನ ಮೊದಲೇ ಹೋದೆ. ಅಜ್ಜಿ ಬೆಳಿಗ್ಗೆ ನಾಲ್ಕಕ್ಕೇ ಎದ್ದು, ರೇಷ್ಮೆ ಸೀರೆ ಉಟ್ಟು, ಹೂವು ಕಟ್ಟಿಟ್ಟುಕೊಂಡು ರೆಡಿ. ಕಾರಿನಲ್ಲಿ ಕಥೆ ಶುರು. ಏಳು ಜನ ಮಾತೃಕೆಯರು ಬಂದರಂತೆ. ಮೂವರು ಹಾಸನದಲ್ಲಿ ಹುತ್ತದ ರೂಪದಲ್ಲಿ ನೆಲೆಸಿದರು, ಮೂವರು ದೇವಿಗೆರೆಯಲ್ಲಿ, ಒಬ್ಬಳು ಕೆಂಚಮ್ಮನ ಹೊಸಕೋಟೆಯಲ್ಲಿ. ಗುಡಿಯೊಳಗಿನ ಸೊಸೆಕಲ್ಲಿನ ಕಥೆಯೂ ಬಂತು. ಅತ್ತೆಯ ಹೊಡೆತ ತಾಳಲಾರದ ಸೊಸೆಯನ್ನು ದೇವಿ ಕಲ್ಲು ಮಾಡಿ ತನ್ನ ಹತ್ತಿರ ಇಟ್ಟುಕೊಂಡಳಂತೆ. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತೆ ಅನ್ನೋದು ನಂಬಿಕೆ. ಹಚ್ಚಿಟ್ಟ ದೀಪ ಮುಂದಿನ ವರ್ಷ ಬಾಗಿಲು ತೆಗೆಯುವವರೆಗೂ ಉರಿಯುತ್ತಿರುತ್ತೆ ಅಂತಲೂ ಜನ ನಂಬುತ್ತಾರೆ.

ಹಾಸನ ತಲುಪಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಆದರೂ ಧರ್ಮದರ್ಶನದ ಸಾಲಿಗೆ ಕೊನೆಯೇ ಕಾಣಲಿಲ್ಲ. 300 ರೂಪಾಯಿ, 1000 ರೂಪಾಯಿಯ ಸಾಲುಗಳೂ ತುಂಬಿದ್ದವು. ಅಜ್ಜಿಯ ಬಾಲ್ಯದಲ್ಲಿ ಎತ್ತಿನಗಾಡಿ ಕಟ್ಟಿಕೊಂಡು ಬಂದು, ರಾತ್ರಿ ತಂಗಿ, ನೋಡಿಕೊಂಡು ಹೋಗುತ್ತಿದ್ದರಂತೆ. ಒಂದೂವರೆ ಗಂಟೆ ನಿಂತ ಮೇಲೆ ಅಜ್ಜಿಯ ಮಂಡಿ ಕೇಳಲಿಲ್ಲ. ಬ್ಯಾರಿಕೇಡಿನ ಕಂಬಿ ಹಿಡಿದುಕೊಂಡು ನಿಂತಳು. ನಾನು "ಹೋಗೋಣ್ವಾ ಅಜ್ಜಿ?" ಅಂದೆ. ಇನ್ನೊಂದು ಅರ್ಧ ಗಂಟೆ ಏನೂ ಹೇಳಲಿಲ್ಲ. ಆಮೇಲೆ ಹೂವಿನ ಪೊಟ್ಟಣ ಪಕ್ಕದ ಹೆಂಗಸಿನ ಕೈಗೆ ಕೊಟ್ಟು, "ನಮ್ದೂ ಮುಟ್ಟಿಸ್ಬುಡವ್ವ" ಅಂದಳು.

ಕಾರು ಹತ್ತಿದ ಮೇಲೆ ಅಜ್ಜಿ, "ಗದ್ದವಳ್ಳಿಗ್ ಹೋಗು" ಅಂದಳು. ದೊಡ್ಡಗದ್ದವಳ್ಳಿ ಅಜ್ಜಿಯ ತವರಿನ ಪಕ್ಕದ ಊರು. ಹಾಸನದಿಂದ ಬೇಲೂರು ರಸ್ತೆಯಲ್ಲಿ ಹೋಗಿ ಒಳಗೆ ತಿರುಗಬೇಕು, ಒಟ್ಟು ಸುಮಾರು 16 ಕಿ.ಮೀ. ಕೆರೆ ದಡದಲ್ಲೇ ಲಕ್ಷ್ಮೀದೇವಿ ಗುಡಿ. ವಿಷ್ಣುವರ್ಧನನ ಕಾಲದಲ್ಲಿ, 1114ರ ಸುಮಾರಿಗೆ, ಕುಲ್ಲಹಣ ರಾಹುತ ಅನ್ನೋ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ಬೇಲೂರಿನ ಚೆನ್ನಕೇಶವನಿಗಿಂತ ಮೂರ್ನಾಲ್ಕು ವರ್ಷ ಹಿರಿಯದು. ಹೊಯ್ಸಳರ ಗುಡಿಗಳಲ್ಲಿ ಅಪರೂಪವಾದ ನಾಲ್ಕು ಗರ್ಭಗುಡಿಯ ಚತುಷ್ಕೂಟ ಇದು. ಲಕ್ಷ್ಮಿ, ಕಾಳಿ, ಶಿವ, ವಿಷ್ಣು ನಾಲ್ವರೂ ಒಂದೇ ಸೂರಿನಡಿ. ಕಾಳಿಯ ಬಾಗಿಲ ಎರಡೂ ಕಡೆ ಎಲುಬಿನ ಗೂಡಿನಂಥ ಬೇತಾಳಗಳು. ಚಿಕ್ಕಂದಿನಲ್ಲಿ ಅವನ್ನು ನೋಡಿ ಅತ್ತಿದ್ದೆನಂತೆ.

ಅವತ್ತು ಅಲ್ಲಿ ನಮ್ಮನ್ನು ಬಿಟ್ಟರೆ ಇಬ್ಬರು ಪ್ರವಾಸಿಗರು ಮಾತ್ರ. ಹಾಸನದಲ್ಲಿ ಒಂದು ಕ್ಷಣದ ದರ್ಶನಕ್ಕೆ ಸಾವಿರಾರು ಜನ ನೂಕಾಡ್ತಾ ಇದ್ದರು. ಇಲ್ಲಿ ದೇವಿ ಒಬ್ಬಳೇ. 2020ರ ನವೆಂಬರಿನಲ್ಲಿ ಇದೇ ಗುಡಿಯ ಕಾಳಿ ವಿಗ್ರಹ ಒಡೆದು ಬಿದ್ದಿತ್ತು ಅನ್ನೋ ಸುದ್ದಿಯನ್ನು ನಾನು ಬೆಂಗಳೂರಲ್ಲಿ ಫೋನಿನಲ್ಲಿ ನೋಡಿ, ಬೇಜಾರಿನ ಇಮೋಜಿ ಹಾಕಿ ಮುಂದೆ ಹೋಗಿದ್ದೆ. ಅಜ್ಜಿ ಆವತ್ತು ಊಟ ಮಾಡಿರಲಿಲ್ಲ ಅಂತ ಅಮ್ಮ ಆಮೇಲೆ ಹೇಳಿದ್ದಳು.

ಅಜ್ಜಿ ಮಂಟಪದಲ್ಲಿ ಕಾಲು ಚಾಚಿ ಕೂತಳು. ನಾನು ಸಮಾಧಾನಕ್ಕೆ, "ಮುಂದಿನ ವರ್ಷ ಗ್ಯಾರಂಟಿ ದರ್ಶನ ಮಾಡಿಸ್ತೀನಿ ಅಜ್ಜಿ" ಅಂದೆ.

"ಅವ್ಳು ವರ್ಷಕ್ಕೊಂದ್ ಸಲ ಬಾಗ್ಲು ತೆಗೀತಾಳೆ. ನೀನೂ ಹಂಗೇ ಆಗ್ಬುಟ್ಟೆ ಕಣ ಮಗ," ಅಂದಳು. ಕೋಪ ಇರಲಿಲ್ಲ. ಸೀರೆಯ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೆರೆ ಕಡೆ ನೋಡ್ತಾ ಇದ್ದಳು.

ನನಗೆ ಉತ್ತರ ಹೊಳೆಯಲಿಲ್ಲ. ಯುಗಾದಿಯ ಹೊನ್ನಾರು, ಗೌರಿ ಹಬ್ಬದ ಬಾಗಿನ, ದೀಪಾವಳಿಯ ನೀರು ತುಂಬೋ ಹಬ್ಬ, ಸಂಕ್ರಾಂತಿ ಸಂಜೆ ದನಗಳಿಗೆ ಕಿಚ್ಚು ಹಾಯಿಸೋದು. ಇವೆಲ್ಲ ನಾನು ಕೊನೆಗೆ ನೋಡಿದ್ದು ಯಾವಾಗ ಅಂತ ಲೆಕ್ಕ ಹಾಕಿದೆ. ಕಿಚ್ಚು ನೋಡಿ ಒಂಬತ್ತು ವರ್ಷ ಆಗಿತ್ತು.

ಬೆಂಗಳೂರಿಗೆ ವಾಪಸ್ ಬಂದು ಪಂಚಾಂಗ ಎದುರಿಗಿಟ್ಟುಕೊಂಡು ಫೋನಿನ ಕ್ಯಾಲೆಂಡರ್ ತುಂಬಿಸಿದೆ. 2026ರಲ್ಲಿ ಅಧಿಕ ಜ್ಯೇಷ್ಠ ಇದೆ. ಹಾಗಾಗಿ ಹಾಸನಾಂಬೆ ಮತ್ತೆ ಅಕ್ಟೋಬರ್ ಕೊನೆಗೆ ಹೋಗುತ್ತಾಳೆ. ನೀವೂ ಹೋಗುವುದಾದರೆ ಹಳೆಯ ದಿನಾಂಕ ನಂಬಬೇಡಿ, ಹುಣ್ಣಿಮೆ ನೋಡಿಕೊಳ್ಳಿ. ಮನೆಯ ಹಿರಿಯರನ್ನು ಕರೆದೊಯ್ಯುವುದಾದರೆ ಶನಿವಾರ, ಭಾನುವಾರ ಬೇಡ. ಒಂದರ್ಧ ದಿನ ದೊಡ್ಡಗದ್ದವಳ್ಳಿಗೂ ಇಟ್ಟುಕೊಳ್ಳಿ.

ಮ್ಯಾನೇಜರಿಗೆ ಮೊದಲು ಕಳಿಸಿದ್ದು ಸಂಕ್ರಾಂತಿ ರಜೆಯ ಅರ್ಜಿ. ಫೋನ್ ಮಾಡಿ ಹೇಳಿದ್ರೆ ಅಜ್ಜಿ ನಂಬಲಿಲ್ಲ. "ಬಂದ್ಮೇಲ್ ಹೇಳು" ಅಂತ ಇಟ್ಟುಬಿಟ್ಟಳು.