4,29,49,67,297: ಕೆಲವು ಟಿಪ್ಪಣಿಗಳು

1
ನಾನೂರ ಇಪ್ಪತ್ತೊಂಬತ್ತು ಕೋಟಿ ಚಿಲ್ಲರೆ. 32 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದಕ್ಕೆ ಒಂದು ಕೂಡಿಸಿದರೆ ಇದು ಸಿಗುತ್ತದೆ.

2
ಇದೇ ಸಾಲಿನಲ್ಲಿ ಇದಕ್ಕಿಂತ ಮೊದಲು ಐದು ಇವೆ: 3, 5, 17, 257, 65,537. ಯಾವುದರಿಂದಲಾದರೂ ಒಂದು ಕಳೆದು, ವರ್ಗ ಮಾಡಿ, ಒಂದು ಕೂಡಿಸಿ. ಅದರ ಮುಂದಿನದು ಬರುತ್ತದೆ. ಐದೂ ಅವಿಭಾಜ್ಯ.

3
ಈ ಸಾಲಿನಲ್ಲಿ ಬರುವುದೆಲ್ಲ ಅವಿಭಾಜ್ಯವೇ ಎಂದು 1640ರಲ್ಲಿ ಗಣಿತಜ್ಞ ಫರ್ಮಾ ಪತ್ರದಲ್ಲಿ ಬರೆದ. ಸಾಧನೆ ತನ್ನ ಬಳಿ ಇಲ್ಲವೆಂದೂ ಬರೆದ. ನಂಬಿಕೆ ಮಾತ್ರ ಬಿಡಲಿಲ್ಲ.

4
1729ರಲ್ಲಿ ಗೋಲ್ಡ್‌ಬಾಕ್ ಈ ಮಾತನ್ನು ತನ್ನಂತೆಯೇ ಗಣಿತಜ್ಞನಾದ ಆಯ್ಲರನ ಕಿವಿಗೆ ಹಾಕಿದ. 1732ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, 25 ವರ್ಷದ ಆಯ್ಲರ್ ಉತ್ತರ ಕೊಟ್ಟ: 641 × 67,00,417.

5
ದಾರಿಯನ್ನು ಆಯ್ಲರ್ ಆಮೇಲೆ ವಿವರಿಸಿದ. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಅಂಥವು ಚಿಕ್ಕದರಿಂದ ಹೀಗೆ: 193, 257, 449, 577, 641. ಐದನೆಯದಕ್ಕೇ ಬಾಗಿಲು ತೆರೆಯಿತು.

6
ಫರ್ಮಾನಿಗೆ ಇಂಥ ಜರಡಿ ಗೊತ್ತಿತ್ತು. ಅದೇ 1640ರಲ್ಲಿ, 2ರ 37ನೆಯ ಘಾತದಿಂದ ಒಂದು ಕಳೆದ ಸಂಖ್ಯೆಗೆ ಅದನ್ನು ಹಿಡಿದು 223 ಎಂಬ ಅಪವರ್ತನ ತೆಗೆದಿದ್ದ. ಆ ಸಂಖ್ಯೆ ಇದಕ್ಕಿಂತ ದೊಡ್ಡದು. ಇಲ್ಲಿ ಬೇಕಿದ್ದದ್ದು ಐದು ಭಾಗಾಕಾರ. ಎಷ್ಟು ಯೋಚಿಸಿದರೂ ನನಗೆ ಇದು ಬಗೆಹರಿಯುತ್ತಿಲ್ಲ.

7
641 = 625 + 16. ಅಂದರೆ 5ರ ನಾಲ್ಕನೆಯ ಘಾತ, 2ರ ನಾಲ್ಕನೆಯ ಘಾತ.
641 = 5 × 128 + 1. 128 ಎಂದರೆ 2ರ ಏಳನೆಯ ಘಾತ.
ಈ ಎರಡು ಸಾಲು ಕೈಯಲ್ಲಿದ್ದರೆ, ಹತ್ತಂಕಿಯ ಸಂಖ್ಯೆಯನ್ನು ಬರೆಯದೆಯೇ 641 ಅದನ್ನು ಭಾಗಿಸುತ್ತದೆ ಎಂದು ಸಾಧಿಸಬಹುದು. 641ರಿಂದ ಭಾಗಿಸಿ ಶೇಷವನ್ನಷ್ಟೇ ನೋಡುವ ಲೆಕ್ಕದಲ್ಲಿ 5 × 128 ಎಂದರೆ −1. ಅದರ ನಾಲ್ಕನೆಯ ಘಾತ 1. ಆ ಘಾತದೊಳಗಿನ 625ರ ಜಾಗದಲ್ಲಿ −16 ಇಡಿ. 2ರ 32ನೆಯ ಘಾತ −1 ಆಗುತ್ತದೆ. ಒಂದು ಕೂಡಿಸಿದರೆ ಸೊನ್ನೆ.

8
1640ರದೇ ಫರ್ಮಾನ ಇನ್ನೊಂದು ಪ್ರಮೇಯ: 2ಕ್ಕಿಂತ ದೊಡ್ಡ ಅವಿಭಾಜ್ಯವನ್ನೇ 2ಕ್ಕೆ ಘಾತವಾಗಿ ಕೊಟ್ಟು, ಅದರಿಂದಲೇ ಭಾಗಿಸಿದರೆ ಶೇಷ 2. ನಮ್ಮ ಸಂಖ್ಯೆಗೂ ಶೇಷ 2 ಬರುತ್ತದೆ. 2 ಬಿಟ್ಟು 3 ಹಿಡಿದರೆ ಅವಿಭಾಜ್ಯಕ್ಕೆ ಶೇಷ 3 ಬರಬೇಕು; ನಮ್ಮದಕ್ಕೆ ಬರುವುದಿಲ್ಲ.

9
65,536ರ ವರ್ಗ, 1ರ ವರ್ಗ: ಕೂಡಿದರೆ ಈ ಸಂಖ್ಯೆ.
62,264ರ ವರ್ಗ, 20,449ರ ವರ್ಗ: ಕೂಡಿದರೂ ಇದೇ.
ಹೀಗೆ ಎರಡು ವರ್ಗಗಳ ಮೊತ್ತವಾಗುವ ಅವಿಭಾಜ್ಯಕ್ಕಾದರೆ ಒಂದೇ ಜೋಡಿ ಇರುತ್ತದೆ.

10
ಅಮೆರಿಕದ ಹುಡುಗ ಜೆರಾ ಕೋಲ್‌ಬರ್ನ್. 1812ರಲ್ಲಿ ಲಂಡನ್‌ಗೆ ಬಂದಾಗ ಏಳು ವರ್ಷ. ಈ ಸಂಖ್ಯೆಯನ್ನು ಮುಂದಿಟ್ಟರೆ 641 ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಹೇಳಿದನೆಂದು ಅಂದಿನವರು ಬರೆದಿಟ್ಟಿದ್ದಾರೆ.

11
32 ಬಿಟ್‌ಗಳಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 4,29,49,67,295. ನಮ್ಮದು ಅದಕ್ಕಿಂತ ಎರಡು ಹೆಚ್ಚು.

12
ಆ 4,29,49,67,295 ಎಂದರೆ 3 × 5 × 17 × 257 × 65,537. ಗಣಿತಜ್ಞ ಗೌಸ್ ತೋರಿಸಿದ ಪ್ರಕಾರ, ಅಷ್ಟು ಬಾಹುಗಳ ಸಮ ಬಹುಭುಜವನ್ನು ಕೈವಾರ ಮತ್ತು ಪಟ್ಟಿಯಿಂದ ರಚಿಸಬಹುದು. ಎರಡು ಬಾಹು ಹೆಚ್ಚಿದರೆ ಆಗದು.

13
ಫರ್ಮಾನ ಸಾಲಿನಲ್ಲಿ 3ನ್ನು ಸೊನ್ನೆಯ ಸ್ಥಾನದಲ್ಲಿಟ್ಟು ಎಣಿಸಿದರೆ ನಮ್ಮದು ಐದನೆಯದು. ಐದರಿಂದ ಮೂವತ್ತೆರಡರವರೆಗೆ ಎಲ್ಲವೂ ಸಂಯುಕ್ತವೆಂದು ಗೊತ್ತಾಗಿದೆ. ಇಪ್ಪತ್ತನೆಯದಕ್ಕೂ ಇಪ್ಪತ್ತನಾಲ್ಕನೆಯದಕ್ಕೂ ಒಂದು ಅಪವರ್ತನವೂ ಸಿಕ್ಕಿಲ್ಲ.